ಹನ್ನೆರಡು ಹತ್ತರ ತಿದ್ದುಪಡಿ

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಬಸ್ ನಿಲ್ದಾಣದ ಹದಿನಾಲ್ಕು ಅಂಕಣಗಳಲ್ಲಿ ಹನ್ನೊಂದು ಖಾಲಿ. ಮಹಡಿಯ ಮೇಲಿನ ಪ್ರಕಟಣಾ ಕೊಠಡಿಯಲ್ಲಿ ಒಬ್ಬ ಹೆಂಗಸು ಸ್ಟೀಲ್ ಲೋಟದ ಬಿಸಿನೀರಿಗೆ ಚಿಟಿಕೆ ಉಪ್ಪು ಹಾಕಿ, ತಲೆ ಹಿಂದಕ್ಕೆ ವಾಲಿಸಿ, ಗಳಗಳ ಬಾಯಿ ಮುಕ್ಕಳಿಸುತ್ತಾರೆ. ಮುಕ್ಕಳಿಸಿದ್ದನ್ನು ಕಿಟಕಿಯಾಚೆ ಉಗುಳುವುದಿಲ್ಲ, ಕೆಳಗೆ ಎರಡನೇ ಅಂಕಣವಿದೆ. ಮೂಲೆಯ ಬಕೆಟ್ಟಿಗೆ ಉಗುಳುತ್ತಾರೆ. ಆಮೇಲೆ ಅದೇ ಲೋಟವನ್ನು ತೊಳೆದು, ಒರೆಸಿ, ಮೈಕಿನ ಮುಂದೆ ಬೋರಲು ಹಾಕಿ, ಚಮಚದಿಂದ ಮೂರು ಏಟು ಹೊಡೆಯುತ್ತಾರೆ: ಟಿಣ್, ಟಿಣ್, ಟೊಣ್. ಕೆಳಗೆ ನಿದ್ದೆಗಣ್ಣಿನ ಪ್ರಯಾಣಿಕರು ತಲೆ ಎತ್ತುತ್ತಾರೆ. ಅದು ಯಾವುದೋ ದುಬಾರಿ ಯಂತ್ರದ ಸದ್ದೆಂದೇ ಊರಿನ ನಂಬಿಕೆ. ಯಂತ್ರ ಕೆಟ್ಟು ಎರಡು ವರ್ಷವಾಯಿತು. ಲೋಟ ಕೆಡುವ ಪೈಕಿಯಲ್ಲ.

"ಪ್ರಯಾಣಿಕರ ಗಮನಕ್ಕೆ. ಬೆಟ್ಟದ ದಾರಿಯ ಮೂರನೇ ನಂಬರ್ ಬಸ್ಸು ಅಂಕಣ ಸಂಖ್ಯೆ ಒಂಬತ್ತರಿಂದ ಹೊರಡಲು ಸಿದ್ಧವಾಗಿದೆ."

ಈ ದನಿಯನ್ನು ಊರೆಲ್ಲ ಬಲ್ಲದು. ದನಿಯ ಧಣಿ ಯಾರೆಂದು ಕೇಳಿದರೆ ಮಾತ್ರ ಊರು ತಲೆ ಕೆರೆದುಕೊಳ್ಳುತ್ತದೆ. ನಿಲ್ದಾಣದವರು ಇವರನ್ನು ಮೈಕಕ್ಕ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಈ ಕುರ್ಚಿಯಲ್ಲಿ ಕೂತು ಊರನ್ನು ಬಸ್ಸು ಹತ್ತಿಸಿದ್ದಾರೆ. ಮಾರುಕಟ್ಟೆಯಲ್ಲಿ ಅಪ್ಪಿತಪ್ಪಿ ಕೆಲಸದ ದನಿ ಹೊರಬಿದ್ದರೆ ಪಜೀತಿ. "ಅರ್ಧ ಕೆಜಿ ಟೊಮೇಟೊ ಅಂದೆ ಅಷ್ಟೇ. ಹಿಂದಿದ್ದ ಅಜ್ಜ ಚೀಲ ಎತ್ಕೊಂಡು 'ಎಷ್ಟನೇ ಪ್ಲಾಟ್‌ಫಾರ್ಮು?' ಅಂದ್ರು."

ಇವತ್ತು ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ. ಕಪಾಟಿನ ಪಕ್ಕದ ಸ್ಟೂಲಿನ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ ಒಂಬತ್ತು ವರ್ಷದ ಮಗಳು. ಮೈಕಿನ ಕೆಂಪು ದೀಪ ಉರಿಯುವಷ್ಟು ಹೊತ್ತೂ ಅವಳು ತುಟಿ ಬಿಚ್ಚುವುದಿಲ್ಲ. ದೀಪ ಆರಿದ ಮೇಲೆ ಉಸಿರು ಬಿಡುತ್ತಾಳೆ. ಮೇಜಿನ ಗಾಜಿನ ಕೆಳಗೆ ನಾಲ್ಕಾಗಿ ಮಡಚಿದ ಒಂದು ಚೀಟಿಯಿದೆ. ಇವತ್ತಿನ ಪಾಳಿ ಮುಗಿಯುವುದರೊಳಗೆ ಮೈಕಕ್ಕ ಅದನ್ನು ಮೈಕಿನಲ್ಲಿ ಓದಬೇಕು. ನೂರೆಂಟು ಬಸ್ಸುಗಳ ಸಮಯವನ್ನು ನಿದ್ದೆಯಲ್ಲೂ ತಪ್ಪಿಲ್ಲದೆ ಒಪ್ಪಿಸುವ ಹೆಂಗಸಿಗೆ ಐದು ಸಾಲಿನ ಆ ಚೀಟಿ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿದೆ.

ಐದೂ ಇಪ್ಪತ್ತಕ್ಕೆ, ಕೆಳಗೆ ಹೆಚ್ಚೆಂದರೆ ಇಪ್ಪತ್ತು ಜನ ಇರುವಾಗ, ಅವರು ಚೀಟಿಗೆ ಕೈ ಹಾಕುತ್ತಾರೆ. ಮಗಳು ಸ್ಟೂಲಿನಿಂದ ಇಳಿದು ಬಂದು ಗಾಜಿನ ಮೇಲೆ ಅಂಗೈ ಊರುತ್ತಾಳೆ.

"ಈಗಲ್ಲ."

"ಈಗ್ಲೇ ಮುಗಿಸಿಬಿಡೋಣ ಪುಟ್ಟಿ. ಆಮೇಲೆ ಬಸ್ಸುಗಳ ಗಲಾಟೆ ಜಾಸ್ತಿ."

"ಅದು ಹನ್ನೆರಡು ಹತ್ತರ ಪ್ರಕಟಣೆ. ಹನ್ನೆರಡು ಹತ್ತಕ್ಕೇ ತಿದ್ಬೇಕು. ಈಗ ಇರೋರು ಆವತ್ತು ಇರ್ಲಿಲ್ಲ."

ತಾಯಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಡಬ್ಬಿಯಿಂದ ಸಕ್ಕರೆ ಕದಿಯುವಾಗ ಸಿಕ್ಕಿಬಿದ್ದವರಂತೆ ಅವರ ಕಿವಿ ಕೆಂಪಾಗುತ್ತದೆ. "ಖಾಲಿ ನಿಲ್ದಾಣಕ್ಕೆ ಹೇಳಿ ಕೈ ತೊಳ್ಕೊಳೋಣ ಅಂತಿದ್ದೆ," ಎಂದು ಆಮೇಲೆ ಒಪ್ಪಿಕೊಳ್ಳುತ್ತಾರೆ. "ನನ್ನ ಬುದ್ಧಿ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು."

ಆರು ಗಂಟೆಗೆ ಕಂಟ್ರೋಲರ್ ಬರುತ್ತಾರೆ. ಬಸ್ಸುಗಳು ಹೋಗಿಬರುವುದನ್ನೆಲ್ಲ ನೋಡಿಕೊಳ್ಳುವ ಈ ಮನುಷ್ಯ ಎರಡು ವರ್ಷದ ಹಿಂದೆ ಬೇರೆ ನಿಲ್ದಾಣದಿಂದ ವರ್ಗವಾಗಿ ಬಂದವರು. ಮಗಳನ್ನು ಕರೆತರಬಹುದೇ ಎಂದು ನಿನ್ನೆ ಕೇಳಿದಾಗ "ಕರ್ಕೊಂಡು ಬನ್ನಿ, ಅದಕ್ಕೇನಂತೆ" ಅಂದಿದ್ದರು. ಈಗ ಸ್ಟೂಲಿನತ್ತ ನೋಡಿ, ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡುತ್ತಾರೆ.

"ಈ ಹುಡುಗಿ... ಆವತ್ತು ಕಚ್ಚಿದ್ದಲ್ವಾ?"

"ಹೌದು ಸಾರ್."

"ನಿಮ್ಮ ಮಗಳಾ?"

"ಹೌದು ಸಾರ್."

"ರಿಜಿಸ್ಟರಲ್ಲಿ 'ದೊಡ್ಡಮ್ಮ' ಅಂತ ಬೇರೆ ಯಾರೋ ಸಹಿ ಹಾಕಿದಾರೆ."

"ಅದೂ ನಿಜ ಸಾರ್. ಅವ್ರು ದೊಡ್ಡಮ್ಮನೇ."

ಕಂಟ್ರೋಲರ್ ಏನೋ ಹೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಏಳನೇ ಅಂಕಣದಲ್ಲಿ ಯಾರೋ ಹಾರ್ನ್ ಒತ್ತುತ್ತಾರೆ. ಸಿಕ್ಕಿದ್ದೇ ನೆಪವೆಂದು ಅವರು ಮೆಟ್ಟಿಲಿಳಿದು ಹೋಗುತ್ತಾರೆ. ಮೈಕಕ್ಕನ ಕಣ್ಣು ಮೇಜಿನಿಂದ ಮೇಲೇಳುವುದಿಲ್ಲ.

ಐದರಿಂದ ಒಂದರವರೆಗಿನ ಪಾಳಿಯಲ್ಲಿ ನೂರೆಂಟು ಬಸ್ಸು. ಒಂದೊಂದಕ್ಕೂ ಮೂರು ಸಲ, ಒಟ್ಟು ಮುನ್ನೂರ ಇಪ್ಪತ್ನಾಲ್ಕು. ಒಂದನೇ ಸಲಕ್ಕೆ ಜನ ಬೆಚ್ಚುತ್ತಾರೆ, ಎರಡನೇ ಸಲಕ್ಕೆ ಚೀಲ ಹುಡುಕುತ್ತಾರೆ, ಮೂರನೇ ಸಲಕ್ಕೆ ಓಡುತ್ತಾರೆ ಎಂಬುದು ಅವರ ಅನುಭವ. ನಡುನಡುವೆ ಮರೆತುಹೋದ ಕೊಡೆ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. "ಹಲ್ಲು ಅಂತ ಹೇಳಿದ್ರೆ ಪಾಪ ಅವ್ರು ಬಾಯಿ ಮುಚ್ಕೊಂಡು ಬರ್ಬೇಕಾಗತ್ತೆ. 'ಒಂದು ಅಮೂಲ್ಯ ವಸ್ತು' ಅಂದೆ. ಹನ್ನೆರಡು ಜನ ಬಂದ್ರು." ಇವುಗಳ ಜೊತೆಗೆ ಕೈ ತಪ್ಪಿದ ಮಕ್ಕಳು, ತಿಂಗಳಿಗೆ ಆರೋ ಏಳೋ. ಕಾವಲಿನವರು ಅವರನ್ನು ಈ ಕೋಣೆಗೇ ತರುತ್ತಾರೆ. ಮೈಕಕ್ಕ ಬಟ್ಟೆಯ ಬಣ್ಣ, ಅಂದಾಜು ವಯಸ್ಸು ಹೇಳಿ ಹೆತ್ತವರನ್ನು ಕರೆಯುತ್ತಾರೆ. ಬಂದವರು ರಿಜಿಸ್ಟರಿನಲ್ಲಿ ಸಂಬಂಧ ಬರೆದು ಸಹಿ ಹಾಕಿ ಕರೆದೊಯ್ಯುತ್ತಾರೆ. ಹನ್ನೊಂದು ವರ್ಷದಲ್ಲಿ ಎಂಟುನೂರಕ್ಕೂ ಹೆಚ್ಚು ಮಕ್ಕಳು. ಒಂದೂ ಇಲ್ಲೇ ಉಳಿದಿಲ್ಲ.

ಗೋಡೆಯಲ್ಲಿ ಚೌಕಟ್ಟು ಹಾಕಿದ ನಿಯಮಗಳಿವೆ. ಏಳನೆಯದು: ತಪ್ಪು ಪ್ರಕಟಣೆ ಹೋದರೆ ಕೂಡಲೇ ತಿದ್ದುಪಡಿ ಕೊಡತಕ್ಕದ್ದು, ಮೂರು ಸಲ. ಅದಕ್ಕೆ ಯಾರ ಅನುಮತಿಯೂ ಬೇಡ. "ತಪ್ಪನ್ನ ಗಟ್ಟಿಯಾಗಿ ಹೇಳಿ, ತಿದ್ದುಪಡೀನ ಪಿಸುಗುಟ್ಟಿದ್ರೆ ಜನ ತಪ್ಪು ಬಸ್ಸಲ್ಲೇ ಹೋಗ್ತಾರೆ," ಎನ್ನುತ್ತಾರೆ ಮೈಕಕ್ಕ. ಇಷ್ಟು ವರ್ಷದಲ್ಲಿ ಅವರು ಕೊಟ್ಟ ತಿದ್ದುಪಡಿ ಏಳೇ ಏಳು. ಏಳೂ ದಿನಾಂಕಗಳು ಬಾಯಿಪಾಠ. ಎಂಟನೆಯದು ಗಾಜಿನ ಕೆಳಗಿದೆ.

ಮನೆ ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆ. ಮೂರನೇ ಮಹಡಿಯ ಎರಡು ಕೋಣೆ. ಮಗಳಿಗೆ ನಾಲ್ಕು ವರ್ಷವಿದ್ದಾಗ ಅವಳ ಅಪ್ಪ ಒಂದು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೋದವರು ಹಿಂದಿರುಗಲಿಲ್ಲ. "ಅವ್ರು ಹತ್ತಿದ ಬಸ್ಸನ್ನ ನಾನೇ ಅನೌನ್ಸ್ ಮಾಡಿರ್ತೀನಿ. ಮೂರು ಸಲ." ಹೇಳಿ ನಗುತ್ತಾರೆ. ಎದುರಿಗಿರುವವರಿಗೆ ನಗಬೇಕೋ ಬೇಡವೋ ತಿಳಿಯುವುದಿಲ್ಲ.

ಮಗಳ ಸಿಟ್ಟಿಗೆ ಅಪ್ಪ ಹೋದದ್ದೇ ಕಾರಣ ಎನ್ನುವವರಿದ್ದಾರೆ. ಮೈಕಕ್ಕ ತಲೆಯಾಡಿಸುತ್ತಾರೆ. ಅದಕ್ಕೂ ಮೊದಲೇ ಇತ್ತು. ಮೊದಲು ಕಿವಿ ಕೆಂಪಾಗುತ್ತದೆ. ಆಮೇಲೆ ಬಲಗಾಲಿನ ಹಿಮ್ಮಡಿ ನೆಲಕ್ಕೆ ಬಡಿಯತೊಡಗುತ್ತದೆ. ಮೂರನೆಯದಾಗಿ ಕೈಯಲ್ಲಿದ್ದ ವಸ್ತು ಹಾರುತ್ತದೆ. ಈವರೆಗೆ ಗಾಜಿನ ಲೋಟ ಹನ್ನೊಂದು, ಕನ್ನಡಿ ಎರಡು, ಗೋಡೆ ಗಡಿಯಾರ ಒಂದು. ಗಡಿಯಾರ ಅವಳಿಗೆ ಪ್ರಾಣವಾಗಿತ್ತು, ಅದಕ್ಕಾಗಿ ಎರಡು ದಿನ ಅತ್ತಿದ್ದಳು. ಈಗ ಮನೆಯಲ್ಲಿ ಎಲ್ಲವೂ ಸ್ಟೀಲು. ಕೆಳಗಿನ ಮನೆಯವರು ಅವಳಿಗೆ ಇಟ್ಟ ಹೆಸರು ಕುಕ್ಕರ್. "ಎಷ್ಟನೇ ವಿಷಲ್ಲು?" ಎಂದು ಮೆಟ್ಟಿಲಲ್ಲಿ ಕೇಳಿ ಕಿಸಕ್ಕೆನ್ನುತ್ತಾರೆ. ಎರಡು ಶಾಲೆಗಳು ಕೈ ಮುಗಿದಾಗಿದೆ, ಮೂರನೆಯದು 'ನೋಡೋಣ' ಎನ್ನುತ್ತಿದೆ.

"ಜ್ವರ ಬಂದ ಮಗುನ ಎತ್ಕೊಂಡು ಬಸ್ಸು ಹತ್ತಿದ್ರೆ ಸೀಟು ಬಿಟ್ಟು ಏಳ್ತಾರೆ. ಕೂಗಾಡೋ ಮಗುನ ಕರ್ಕೊಂಡು ಹತ್ತಿದ್ರೆ ಇಳೀರಿ ಅಂತಾರೆ," ಎನ್ನುತ್ತಾರೆ ಅವರು. "ಅವ್ರದ್ದೂ ತಪ್ಪಲ್ಲ ಬಿಡಿ. ನಾನೂ ಆ ಸೀಟಲ್ಲಿ ಕೂತಿದ್ರೆ ಇಳೀರಿ ಅಂತಿದ್ನೇನೋ."

ಅವರು ಮಗಳಿಗೆ ಗದರಿದವರಲ್ಲ. ಒಳ್ಳೆಯತನಕ್ಕಲ್ಲ ಎಂದು ತಾವೇ ಹೇಳುತ್ತಾರೆ. ಗಂಟಲು ಅನ್ನದ ಬಟ್ಟಲು, ಸಂಜೆ ಕೂಗಿದರೆ ಬೆಳಗಿನ ಬಸ್ಸುಗಳೆಲ್ಲ ನೆಗಡಿ ಹಿಡಿದಂತೆ ಹೊರಡುತ್ತವೆ. ಇದರಿಂದ ನೆರೆಹೊರೆಗೆ ಎರಡು ಬಗೆಯ ಮಾತು. 'ಗದರಿಸಿ ಬೆಳೆಸಿಲ್ಲ, ಅದಕ್ಕೇ ಹೀಗೆ' ಎಂದು ಕೆಲವರು. 'ಒಳಗೊಳಗೇ ಏನು ಗದರಿಸ್ತಾಳೋ, ಅದಕ್ಕೇ ಹೀಗೆ' ಎಂದು ಉಳಿದವರು. ಎಡ ಮುಂಗೈಯಲ್ಲಿ ಮಗಳ ಹಲ್ಲಿನ ಗುರುತುಗಳಿವೆ. ಕಡು ಬೇಸಿಗೆಯಲ್ಲೂ ಮೈಕಕ್ಕ ತೊಡುವುದು ಉದ್ದ ತೋಳಿನ ರವಿಕೆ. ಯಾಕೆ ಎಂದವರಿಗೆ "ಫ್ಯಾನ್ ಗಾಳಿ ಆಗಲ್ಲ" ಎಂಬ ಸಿದ್ಧ ಪ್ರಕಟಣೆ. ನಿಲ್ದಾಣದಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಎರಡನೇ ಅಂಕಣದ ಟೀ ಅಂಗಡಿಯವ. ಮಗಳು ಐದು ವರ್ಷದವಳಿದ್ದಾಗ ರಜೆಯ ದಿನ ಅಮ್ಮನ ಜೊತೆ ಬಂದು ಇದೇ ಸ್ಟೂಲಿನಲ್ಲಿ ಕೂರುತ್ತಿದ್ದಳು. ಕೆಂಪು ದೀಪ ಉರಿಯುವಾಗ ಮಾತಾಡಬಾರದು ಎಂಬ ನಿಯಮ ಕಲಿತದ್ದು ಆಗಲೇ. ಒಂದು ದಿನ ರಿಜಿಸ್ಟರು ಕಿಟಕಿಯಿಂದ ಹಾರಿ ಅವನ ಟೀ ಪಾತ್ರೆಗೆ ಬಿತ್ತು. ಆಮೇಲೆ ತಾಯಿ ಅವಳನ್ನು ಕರೆತರಲಿಲ್ಲ.

ದಾರಿ ತೋರಿಸಿದವರು ಮಕ್ಕಳ ಆಪ್ತಸಮಾಲೋಚಕಿ. ಮಗಳ ಬಾಯಲ್ಲಿ ಅವರು 'ಪ್ರಶ್ನೆ ಆಂಟಿ'. ಈ ಮಗುವಿಗೆ ಮುಂದೇನಾಗುತ್ತದೆಂದು ಮೊದಲೇ ತಿಳಿದಿರಬೇಕು, ದಿಢೀರ್ ಎಂದರೆ ಅವಳಿಗೆ ನೆಲ ಕುಸಿದಂತೆ, ಆದ್ದರಿಂದ ಎಲ್ಲವನ್ನೂ ಮುಂಚಿತವಾಗಿ, ಸಮಾಧಾನದ ದನಿಯಲ್ಲಿ, ಮತ್ತೆ ಮತ್ತೆ ಹೇಳಿ ಎಂದರಂತೆ. ಮೈಕಕ್ಕ ಕೂತಲ್ಲೇ ನಕ್ಕುಬಿಟ್ಟರು. "ಮೇಡಂ, ಹೊಟ್ಟೆಪಾಡಿಗೆ ನಾನು ಅದನ್ನೇ ಮಾಡೋದು ಅಂದೆ."

ಅಂದಿನಿಂದ ಮನೆಯೇ ನಿಲ್ದಾಣ. ಟಿಣ್, ಟಿಣ್, ಟೊಣ್. "ಸ್ನಾನದ ಬಸ್ಸು ಇನ್ನು ಹತ್ತು ನಿಮಿಷದಲ್ಲಿ ಬಚ್ಚಲು ಮನೆಯಿಂದ ಹೊರಡಲಿದೆ." "ಹೋಮ್‌ವರ್ಕಿನ ಬಸ್ಸು ಐದು ನಿಮಿಷ ತಡವಾಗಿ ಬರಲಿದೆ." ಮಗಳು ಗಂಭೀರವಾಗಿ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕೆಲವೊಮ್ಮೆ ಅಮ್ಮನ ದನಿಯನ್ನೇ ಕದ್ದು, "ಅಮ್ಮನ ತಲೆನೋವು ಅಂಕಣ ಸಂಖ್ಯೆ ಒಂದಕ್ಕೆ ಬಂದು ಸೇರಿದೆ" ಎನ್ನುತ್ತಿದ್ದಳು. ಬೇರೆ ಕೋಣೆಯಿಂದ ಕೇಳಿದರೆ ಅಸಲು ಯಾವುದು ನಕಲು ಯಾವುದು ತಿಳಿಯದು. ವಾರಕ್ಕೆ ಹದಿನಾಲ್ಕು ಸಲ ಬರುತ್ತಿದ್ದ ಸಿಟ್ಟು ಆರಕ್ಕಿಳಿಯಿತು. ಆ ಮನೆಯಲ್ಲಿ ಹೇಳಬಾರದ ಪದ ಒಂದೇ: ರದ್ದು.

ಮೂರು ವಾರದ ಹಿಂದಿನ ಶನಿವಾರ ಆ ಪದವನ್ನು ಹೇಳಬೇಕಾಗಿ ಬಂತು.

ಪ್ರತಿ ಶನಿವಾರ ಹನ್ನೆರಡು ಹತ್ತಕ್ಕೆ, ಆರನೇ ಅಂಕಣದಿಂದ, ಎಂಟನೇ ನಂಬರ್ ಬಸ್ಸಿನಲ್ಲಿ ಮಗಳು ಪ್ರಶ್ನೆ ಆಂಟಿಯ ಬಳಿ ಹೋಗುತ್ತಾಳೆ. ಕರೆದೊಯ್ಯುವವರು ಮೈಕಕ್ಕನ ಅಕ್ಕ, ಪಕ್ಕದ ಓಣಿಯಲ್ಲಿ ಹೊಲಿಗೆ ಕೆಲಸ ಮಾಡುವ ದೊಡ್ಡಮ್ಮ. ಆ ದಿನ ಎಂಟನೇ ನಂಬರಿನ ಗೇರು ಕೆಟ್ಟಿತು. ಬಸ್ಸು ರದ್ದೆಂಬ ಸೂಚನೆ ಮೇಲೆ ಬಂತು. ಮೈಕಕ್ಕನ ಬೆನ್ನ ಹಿಂದೆ ಆ ಹೊತ್ತಿಗೆ ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ಕೂತಿದ್ದರು. ಮನುಷ್ಯರ ಬದಲು ಮೊದಲೇ ಮುದ್ರಿಸಿದ ದನಿಯ ಯಂತ್ರ ತರಬಹುದೇ ಎಂದು ನೋಡಲು ಬಂದವರು. ಮೈಕಕ್ಕನದು ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ನವೀಕರಣ. "ಎಂಟನೇ ನಂಬರ್ ಬಸ್ಸು ರದ್ದಾಗಿದೆ" ಎಂದು ಮೂರು ಸಲ ಹೇಳಿದರು. ಆರನೇ ಅಂಕಣ ಕಂಬದ ಮರೆಯಲ್ಲಿದೆ, ಕಿಟಕಿಗೆ ಕಾಣುವುದಿಲ್ಲ. ಕೇಳಿಸಿತು ಮಾತ್ರ. ಮೊದಲು ಕಿರುಚು, ಆಮೇಲೆ ಪೆಟ್ಟಿಗೆ ಉರುಳಿದ ಸದ್ದು, ಆಮೇಲೆ "ಹಿಡೀರಿ, ಹಿಡೀರಿ".

ಐದು ನಿಮಿಷದಲ್ಲಿ ಹೊಸದಾಗಿ ಸೇರಿದ ಕಾವಲುಗಾರ, ಜೊತೆಗೊಬ್ಬ ಪ್ರಯಾಣಿಕ, ನಡುವೆ ಹುಡುಗಿ, ಹಿಂದೆ ಕಂಟ್ರೋಲರ್. ಪ್ರಯಾಣಿಕನ ಕೈಗೆ ಕರವಸ್ತ್ರ ಸುತ್ತಿತ್ತು. ಅದನ್ನು ಬಿಚ್ಚಿ ಎಲ್ಲರಿಗೂ ತೋರಿಸಿದ. ಅರ್ಧ ಚಂದ್ರದ ಹಾಗೆ ಹಲ್ಲಿನ ಸಾಲು, ನಡುವೆ ಬಿದ್ದ ಹಲ್ಲಿನ ಜಾಗ ಖಾಲಿ. ಮೈಕಕ್ಕನ ತೋಳಿನೊಳಗೆ ಅದೇ ಅರ್ಧ ಚಂದ್ರ, ಅದೇ ಖಾಲಿ ಜಾಗ. ಎರಡು ದಿನ ಹಳೆಯದು.

"ಎಂಥ ತಾಯಿ ಹೆತ್ತಿದಾಳೋ ಇದನ್ನ," ಎಂದ ಪ್ರಯಾಣಿಕ. "ಅನೌನ್ಸ್ ಮಾಡಿ ಮೇಡಂ. ಬರ್ಲಿ ಆ ಯಮ್ಮ. ನಾಲ್ಕು ಮಾತು ಕೇಳ್ದೆ ನಾನು ಹೋಗಲ್ಲ."

"ಯಾರ ಮಗು?" ಎಂದರು ಅಧಿಕಾರಿ.

"ಗೊತ್ತಿಲ್ಲ ಸಾರ್," ಎಂದರು ಮೈಕಕ್ಕ.

ಇಲ್ಲಿಗೆ ಬಂದಾಗ ಮೈಕಕ್ಕ ಚಮಚವನ್ನು ಲೋಟದೊಳಗೆ ಇಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. "ನಾಲಿಗೆ ತಾನೇ ಹೇಳ್ತು ಅಂತ ಸುಳ್ಳು ಹೇಳಲ್ಲ. ಯೋಚಿಸಿಯೇ ಹೇಳಿದ್ದು. ಒಂದು ಗಳಿಗೆ ಟೈಮಿತ್ತು. ಆ ಗಳಿಗೇಲಿ ಕೆಲಸ ನೆನಪಾಯ್ತು, ಆ ಮನುಷ್ಯನ ಕೈ ಕಾಣಿಸ್ತು, 'ಎಂಥ ತಾಯಿ' ಅಂದಿದ್ದು ಕೇಳಿಸ್ತು. ಮಗಳು ಒಬ್ಳು ಬಿಟ್ಟು ಮಿಕ್ಕಿದ್ದೆಲ್ಲ ಕಾಣಿಸ್ತು."

ಮೈಕು ಒತ್ತಿದರು. ಟಿಣ್, ಟಿಣ್, ಟೊಣ್. "ಹಳದಿ ಫ್ರಾಕ್ ತೊಟ್ಟ, ಸುಮಾರು ಒಂಬತ್ತು ವರ್ಷದ ಬಾಲಕಿಯೊಬ್ಬಳು ನಿಲ್ದಾಣದಲ್ಲಿ ಸಿಕ್ಕಿದ್ದಾಳೆ. ಬಾಲಕಿಯ ಪೋಷಕರು ಎಲ್ಲಿದ್ದರೂ ಪ್ರಕಟಣಾ ಕೊಠಡಿಗೆ ಬರಬೇಕು." ಮೂರು ಸಲ. ಸುಮಾರು ಒಂಬತ್ತು ವರ್ಷ. ಹೆತ್ತ ನಿಮಿಷ ಗೊತ್ತಿದ್ದ ಬಾಯಿ ಹೇಳಿದ್ದು 'ಸುಮಾರು'. ಹುಡುಗಿ ಒದೆಯುವುದನ್ನು ಮೊದಲನೇ ಸಲಕ್ಕೇ ನಿಲ್ಲಿಸಿದ್ದಳು. ಕೆಂಪು ದೀಪವನ್ನು ನೋಡುತ್ತ ನಿಂತಳು. 'ಅಮ್ಮ' ಎನ್ನಲಿ, ನನ್ನ ಮಾನ ಹೋಗಲಿ ಎಂದು ಒಳಗೊಳಗೇ ಬೇಡಿಕೊಂಡರಂತೆ ಮೈಕಕ್ಕ. ಅವಳು ಅನ್ನಲಿಲ್ಲ.

ಕೈ ಕೊಸರಿಕೊಂಡು ಓಡಿದ ಹುಡುಗಿಯನ್ನು ಅಂಕಣ ಅಂಕಣ ಹುಡುಕುತ್ತಿದ್ದ ದೊಡ್ಡಮ್ಮ ಏದುಸಿರು ಬಿಡುತ್ತ ಬಂದರು. ತಂಗಿಯ ಮುಖ ನೋಡಿದರು, ಅರ್ಥ ಮಾಡಿಕೊಂಡರು. "ತಪ್ಪಾಯ್ತು ಸಾರ್, ನಮ್ಮ ಹುಡುಗಿ" ಎಂದು ಪ್ರಯಾಣಿಕನ ನಾಲ್ಕು ಮಾತಿಗೆ ಎಂಟು ಸಲ ತಲೆ ಬಾಗಿಸಿ, ರಿಜಿಸ್ಟರಿನಲ್ಲಿ 'ದೊಡ್ಡಮ್ಮ' ಎಂದು ಬರೆದು ಸಹಿ ಹಾಕಿ ಕರೆದೊಯ್ದರು. ಮನೆಯಲ್ಲಿ ಸಂಜೆ ತಂಗಿಗೆ ಅಂದದ್ದು ಇಷ್ಟೇ: "ನಿನ್ನ ಬದ್ಲು ಬೈಸ್ಕೊಳ್ಳೋದು ನಂಗೇನು ಹೊಸದಲ್ಲ ಕಣೇ. ನಿನ್ನ ಬದ್ಲು ಸಹಿ ಹಾಕಿದ್ದು ಹೊಸದು."

ಅಧಿಕಾರಿ ಹೊರಡುವಾಗ ಬೆನ್ನು ತಟ್ಟುವಂತೆ ಮಾತಾಡಿದರು. "ಅಷ್ಟು ಗಲಾಟೇಲೂ ನಿಮ್ಮ ದನಿ ಒಂಚೂರೂ ನಡುಗ್ಲಿಲ್ಲ ನೋಡಿ. ಯಂತ್ರಕ್ಕಿಂತ ಗಟ್ಟಿ." ಮುಂದಿನ ವಾರ ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಯಂತ್ರದ ಮಾತು ಸದ್ಯಕ್ಕೆ ನಿಂತಿತು. ಟೀ ಅಂಗಡಿಯವ ದಿನಾ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಟೀ ಮೇಲೆ ಕಳಿಸುತ್ತಾನೆ. ಕಳಿಸುವಾಗ ಮೂಗಿನಲ್ಲಿ, "ಪ್ರಯಾಣಿಕರ ಗಮನಕ್ಕೆ, ಟೀ ಸಂಖ್ಯೆ ಒಂದು ಹಗ್ಗದ ಮೂಲಕ ಹೊರಡಲು ಸಿದ್ಧವಾಗಿದೆ" ಎಂದು ಅಣಕಿಸದಿದ್ದರೆ ಅವನಿಗೆ ತಿಂದದ್ದು ಜೀರ್ಣವಾಗದು. ಆ ಮಧ್ಯಾಹ್ನ ಬುಟ್ಟಿ ಸುಮ್ಮನೆ ಮೇಲೆ ಬಂತು. ಮರುದಿನವೂ. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಮೈಕಕ್ಕ. "ಟೀ ಕುಡಿಯೋಕಾಗ್ಲಿಲ್ಲ. ಬಕೆಟ್ಟಿಗೆ ಚೆಲ್ದೆ."

ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆಮೇಲೆ. ಮಗಳು ಸಾಧುವಾದಳು. ಕಿವಿ ಕೆಂಪಾಗಲಿಲ್ಲ, ಹಿಮ್ಮಡಿ ಬಡಿಯಲಿಲ್ಲ. ವಾರಕ್ಕೆ ಆರು ಎಂಬುದು ಸೊನ್ನೆಗೆ ಬಂತು. ಕೇಳಿದ್ದಕ್ಕೆ "ಹೂಂ", ಬಡಿಸಿದ್ದಕ್ಕೆ "ಸಾಕು". ಶಾಲೆಯ ಟೀಚರ್ ಫೋನ್ ಮಾಡಿ, "ಏನು ಮಾಡಿದ್ರಿ ಮೇಡಂ, ಬೇರೆ ತಾಯಂದಿರಿಗೂ ಹೇಳಿಕೊಡಿ" ಎಂದರು. ಕೆಳಗಿನ ಮನೆಯವರು ಮೆಟ್ಟಿಲಲ್ಲಿ ನಿಲ್ಲಿಸಿ, "ಕುಕ್ಕರ್ ಕೆಟ್ಟೋಯ್ತಾ?" ಎಂದು ನಕ್ಕರು. ಎಲ್ಲರ ಮೆಚ್ಚುಗೆಯನ್ನೂ ತಲೆ ತಗ್ಗಿಸಿ ಸ್ವೀಕರಿಸಿದ ತಾಯಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುತ್ತಿದ್ದರು. "ಬೇರೆಯವ್ರ ಮನೇಲಿ ಇದ್ದ ಹಾಗೆ ಇದ್ಳು. ಯಾರೋ ಬಂದು ಕರ್ಕೊಂಡು ಹೋಗೋ ತನಕ ಸರಿಯಾಗಿ ಇರ್ಬೇಕು ಅನ್ನೋ ಹಾಗೆ."

ಮೊನ್ನೆ ಗುರುವಾರ ಊಟದ ಹೊತ್ತಿಗೆ ಮಗಳೇ ಕೇಳಿದಳು. "ತಪ್ಪು ಪ್ರಕಟಣೆ ಕೊಟ್ರೆ ಎಷ್ಟು ಹೊತ್ತಲ್ಲಿ ತಿದ್ಬೇಕು?"

"ಕೂಡಲೇ."

"ಹತ್ತೊಂಬತ್ತು ದಿನ ಆಯ್ತು."

ತಾಯಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಆವತ್ತು ಯಾಕೆ 'ಅಮ್ಮ' ಅನ್ಲಿಲ್ಲ ನೀನು?" ಎಂದು ಕೇಳಿದರು, ಕೇಳಬಾರದೆಂದು ಹತ್ತೊಂಬತ್ತು ದಿನ ತಡೆದಿಟ್ಟಿದ್ದನ್ನು.

"ಕೆಂಪು ದೀಪ ಉರೀತಿತ್ತು. ಆಗ ಮಾತಾಡ್ಬಾರ್ದು ಅಂತ ನೀನೇ ಹೇಳಿದ್ದೆ."

ಅಂದೇ ಇಬ್ಬರೂ ಕೂತು ಚೀಟಿ ಬರೆದರು. ಮಗಳದ್ದೇ ತಿದ್ದುಪಡಿಯ ಮೇಲೆ ತಿದ್ದುಪಡಿ. "ಫ್ರಾಕು ಹಳದಿ ಅಲ್ಲ, ನಿಂಬೆ ಬಣ್ಣ. ಅದೂ ತಪ್ಪು ಹೇಳಿದೀಯ." ಅದೂ ಸೇರಿತು.

ಹನ್ನೆರಡು ಗಂಟೆಗೆ ನಿಲ್ದಾಣ ತುಂಬಿ ತುಳುಕುತ್ತಿದೆ. ವಾರದ ಕೊನೆಗೆ ಊರಿಗೆ ಹೊರಟವರು, ಪೆಟ್ಟಿಗೆಯ ಮೇಲೆ ಕೂತವರು, ಕೂತವರ ಮೇಲೆ ಮಲಗಿದವರು. ಎಂಟನೇ ನಂಬರ್ ಆರನೇ ಅಂಕಣಕ್ಕೆ ಬಂದು ನಿಂತಿದೆ. ದೊಡ್ಡಮ್ಮ ಚೀಲ ಹಿಡಿದು ಪ್ರಕಟಣಾ ಕೊಠಡಿಯ ಬಾಗಿಲಲ್ಲಿದ್ದಾರೆ. ಹನ್ನೆರಡು ಎಂಟಕ್ಕೆ ಕಂಟ್ರೋಲರ್ ಮತ್ತೆ ಮೇಲೆ ಬರುತ್ತಾರೆ. ಮೈಕಕ್ಕ ಚೀಟಿಯನ್ನು ಅವರ ಕೈಗಿಡುತ್ತಾರೆ. ಓದಿ, ಮತ್ತೊಮ್ಮೆ ಓದಿ, ಅವರು ತಲೆ ಎತ್ತುತ್ತಾರೆ.

"ಖಾಸಗಿ ವಿಷಯ ಮೈಕಲ್ಲಿ ಹೇಳೋ ಹಾಗಿಲ್ಲ ಕಣಮ್ಮ."

"ಖಾಸಗಿ ಅಲ್ಲ ಸಾರ್, ತಿದ್ದುಪಡಿ. ಏಳನೇ ನಿಯಮ."

ಕಂಟ್ರೋಲರ್ ಗೋಡೆ ನೋಡುತ್ತಾರೆ. "ಮೇಲಿನೋರಿಗೆ ಗೊತ್ತಾಗತ್ತೆ. ನಿಮ್ಮ ಗುತ್ತಿಗೆ..."

"ಗೊತ್ತು ಸಾರ್."

ಅವರು ಚೀಟಿ ಹಿಂದಿರುಗಿಸಿ, ಹೋಗದೆ, ಕಪಾಟಿಗೆ ಒರಗಿ ನಿಲ್ಲುತ್ತಾರೆ. ಟಿಣ್, ಟಿಣ್, ಟೊಣ್. ಕೆಂಪು ದೀಪ ಹತ್ತುತ್ತದೆ.

"ಪ್ರಯಾಣಿಕರ ಗಮನಕ್ಕೆ. ಮೂರು ವಾರದ ಹಿಂದೆ, ಶನಿವಾರ ಹನ್ನೆರಡು ಹತ್ತಕ್ಕೆ ಕೊಟ್ಟ ಪ್ರಕಟಣೆಗೆ ತಿದ್ದುಪಡಿ. ಬಾಲಕಿ ತೊಟ್ಟಿದ್ದು ನಿಂಬೆ ಬಣ್ಣದ ಫ್ರಾಕು. ಬಾಲಕಿಯ ತಾಯಿ ಆ ಹೊತ್ತಿನಲ್ಲಿ ಪ್ರಕಟಣಾ ಕೊಠಡಿಯಲ್ಲೇ ಇದ್ದರು. ಪ್ರಕಟಣೆ ಕೊಟ್ಟವರು ಅವರೇ. ಅವಳು ನನ್ನ..."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಊರು ಆ ದನಿ ಒಡೆದದ್ದನ್ನು ಕೇಳುತ್ತದೆ. "ಮಗಳು" ಎಂಬುದು ಧ್ವನಿವರ್ಧಕದಲ್ಲಿ ಬರಿಯ ಗಾಳಿಯಾಗಿ ಹೋಗುತ್ತದೆ. ಗುಂಡಿ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮೈಕಕ್ಕ ಮುಗಿಯಿತೆಂಬಂತೆ ಮಗಳತ್ತ ತಿರುಗುತ್ತಾರೆ.

ಮಗಳು ಸ್ಟೂಲಿನಿಂದಲೇ ಎರಡು ಬೆರಳು ಎತ್ತಿ ತೋರಿಸುತ್ತಾಳೆ. ಇನ್ನೂ ಎರಡು ಸಲ.

ಎರಡನೇ ಸಲಕ್ಕೆ ಕೆಳಗಿನ ಗದ್ದಲ ತಗ್ಗುತ್ತದೆ. ಯಾರೋ ನಗುತ್ತಾರೆ, ಯಾರೋ ನಗುವವರನ್ನು ಸುಮ್ಮನಿರಿಸುತ್ತಾರೆ. ಕಿವಿ ಮಂದವಾದ ಒಬ್ಬರು ಪಕ್ಕದವರನ್ನು "ಎಷ್ಟನೇ ಪ್ಲಾಟ್‌ಫಾರ್ಮು ಅಂದ್ರು?" ಎಂದು ಕೇಳುತ್ತಾರೆ. ಟೀ ಅಂಗಡಿಯವ ಹೊಯ್ಯುತ್ತಿದ್ದ ಟೀ ನಿಲ್ಲಿಸಿ ಕಿಟಕಿಯತ್ತ ನೋಡುತ್ತಾನೆ. ಮೈಕಕ್ಕನಿಗೆ ಅದೆಲ್ಲ ಕಾಣುತ್ತದೆ. ಕುತ್ತಿಗೆಯವರೆಗೂ ಕೆಂಪಾದರೂ ಅವರು ಕಣ್ಣು ಕೆಳಗಿಳಿಸುವುದಿಲ್ಲ.

ಮೂರನೇ ಸಲ ಮಾತು ಬಸ್ಸಿನಂತೆಯೇ ಬರುತ್ತದೆ. ನೇರವಾಗಿ, ಸಮಯಕ್ಕೆ ಸರಿಯಾಗಿ. "ಅವಳು ನನ್ನ ಮಗಳು. ತಪ್ಪು ನನ್ನದು." ಅದರ ಬೆನ್ನಿಗೇ, "ಎಂಟನೇ ನಂಬರ್ ಬಸ್ಸು ಅಂಕಣ ಸಂಖ್ಯೆ ಆರರಿಂದ ಹೊರಡಲು ಸಿದ್ಧವಾಗಿದೆ."

ದೀಪ ಆರುತ್ತದೆ. ಮಗಳು ಇಳಿದು, ಫ್ರಾಕು ಸರಿಮಾಡಿಕೊಂಡು, "ನಿಂಬೆ ಬಣ್ಣ ಮೂರೂ ಸಲ ಸರಿಯಾಗಿ ಹೇಳ್ದೆ ಅಮ್ಮ" ಎಂದಷ್ಟೇ ಹೇಳಿ ಹೊರಡುತ್ತಾಳೆ. ಅರ್ಧ ಮೆಟ್ಟಿಲಿಳಿದಿರಬೇಕು, ದೊಡ್ಡಮ್ಮ ಅವಳ ಕೈ ಹಿಡಿಯಲು ಹೋಗಿರಬೇಕು, "ನಾನೇ ಇಳೀತೀನಿ ಅಂದ್ನಲ್ಲ" ಎಂಬ ಕಿರುಚು, ಕಬ್ಬಿಣದ ಕಂಬಿಗೆ ಧಡಾರೆಂದು ಒದ್ದ ಸದ್ದು. ಮೂರು ವಾರದಲ್ಲಿ ಮೊದಲ ಒದೆ. ಕಂಟ್ರೋಲರ್ ಬೆಚ್ಚುತ್ತಾರೆ. ಮೈಕಕ್ಕ ಕಣ್ಣು ಮುಚ್ಚಿ, ತಡವಾದ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿದ್ದನ್ನು ಕೇಳುವವರ ಹಾಗೆ ಕೇಳುತ್ತಾರೆ.

"ಇದಕ್ಕೆ ವಿವರಣೆ ಬರೆದು ಕೊಡ್ಬೇಕಾಗತ್ತೆ," ಎನ್ನುತ್ತಾರೆ ಕಂಟ್ರೋಲರ್, ಹೆಚ್ಚುಕಡಿಮೆ ಕ್ಷಮೆ ಕೇಳುವ ದನಿಯಲ್ಲಿ.

"ಬರೀತೀನಿ ಸಾರ್."

ಕಿಟಕಿಗೆ ಟೀ ಬುಟ್ಟಿ ಬಂದು ತಾಗುತ್ತದೆ. ಕೆಳಗಿನಿಂದ ಇವತ್ತೂ ಅಣಕವಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕು ಎಂದು ಅವರಿಗೆ ಗೊತ್ತು. ಆದರೆ ಬುಟ್ಟಿಯಲ್ಲಿ ಟೀಯ ಪಕ್ಕ ಒಂದು ಬನ್ನು ಇದೆ. ಇವತ್ತಿನ ಟೀಯನ್ನು ಅವರು ಚೆಲ್ಲುವುದಿಲ್ಲ.

ಮುಂದೇನಾಸೆ ಎಂದು ಕೇಳಿದರೆ ಮೈಕಕ್ಕ ಕಂಬದ ಕಡೆ, ಕಾಣದ ಆರನೇ ಅಂಕಣದ ಕಡೆ ನೋಡುತ್ತಾರೆ. ದೊಡ್ಡ ಆಸೆ ಪಡುವ ಮುಖ ತನಗಿಲ್ಲ ಎನ್ನುತ್ತಾರೆ. "ಶನಿವಾರ ಎಂಟನೇ ನಂಬರ್ ರದ್ದಾಗದೇ ಇದ್ರೆ ಸಾಕು." ಲೋಟವನ್ನು ತಿರುಗಿ ಬೋರಲು ಹಾಕುತ್ತಾ ಸೇರಿಸುತ್ತಾರೆ. "ರದ್ದಾದ್ರೆ, ಕೆಳಗಿಳಿದು ಹೋಗಿ ಅವಳಿಗೆ ನಾನೇ ಹೇಳ್ತೀನಿ. ಆಮೇಲೆ ಬಂದು ಮೈಕಲ್ಲಿ ಹೇಳ್ತೀನಿ."